ಮೂಲೆ ಸೇರಿದ ಮಿಷನ್ನಿಗೆ ಮತ್ತೆ ನೂಲು



ನಮ್ಮ ಮನೆಗಳಲ್ಲಿ ಮೂಲೆ ಸೇರಿರುವ ವಸ್ತುಗಳನ್ನು ಲೆಕ್ಕ ಹಾಕುತ್ತಾ ಹೋದರೆ ಹಲವು ಕಡೆ ಒಂದು ಹಳೆಯ ಹೊಲಿಗೆ ಮಿಷನ್ ಸಿಕ್ಕೇ ಸಿಗುತ್ತದೆ. ಕಬ್ಬಿಣದ ಕಾಲು, ಕಪ್ಪು ಮೈ, ಅದರ ಮೇಲೆ ಮಾಸಿಹೋದ ಚಿನ್ನದ ಬಣ್ಣದ ಬಳ್ಳಿ. ಮೇಲೊಂದು ಹಳೆ ಸೀರೆ ಹೊದಿಸಿ, ಅದರ ಮೇಲೆ ಹೂದಾನಿಯನ್ನೋ ಔಷಧಿಯ ಡಬ್ಬಿಯನ್ನೋ ಇಟ್ಟಿರುತ್ತೇವೆ. ಅಜ್ಜಿಗೆ ತವರಿನವರು ಕೊಟ್ಟದ್ದು, ಇಲ್ಲವೇ ಅಜ್ಜ ಕಂತಿನಲ್ಲಿ ಕೊಂಡು ತಂದದ್ದು. ಮಕ್ಕಳ ಶಾಲೆಯ ಫೀಸು, ಹಬ್ಬದ ಹೊಸ ಬಟ್ಟೆ, ಕಾಯಿಲೆ ಬಿದ್ದ ತಿಂಗಳ ಅಕ್ಕಿ, ಇವೆಲ್ಲ ಎಷ್ಟೋ ಕುಟುಂಬಗಳಿಗೆ ಆ ಸೂಜಿಯ ಕೆಳಗಿನಿಂದಲೇ ಬಂದದ್ದುಂಟು.

ಇಂದು ಅದರ ಗತಿಯೇನು? ಮನೆ ಕಟ್ಟಿಸುವಾಗ, ಪಾಲು ಹಂಚುವಾಗ ಯಾರಿಗೂ ಅದು ಬೇಡ. ಗುಜರಿಯವನು ಬಂದರೆ ಕಿಲೋ ಲೆಕ್ಕದಲ್ಲಿ ತೂಗಿ ಒಯ್ಯುತ್ತಾನೆ. ಇಲ್ಲವಾದರೆ ತಲೆಯನ್ನು ಕಿತ್ತು ಬಿಸಾಡಿ, ಕಾಲಿನ ಮೇಲೆ ಕಲ್ಲಿನ ಹಲಗೆ ಕೂರಿಸಿ ಊಟದ ಮೇಜು ಮಾಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸುಳ್ಳಲ್ಲ. ನಮ್ಮ ಮನೆಯಲ್ಲೇ ಒಂದು ಉದ್ಯೋಗ ಧೂಳು ತಿನ್ನುತ್ತಾ ಕುಳಿತಿರುವಾಗ, ಪಕ್ಕದ ಬೀದಿಯ ಹೆಣ್ಣುಮಗಳೊಬ್ಬಳು ಮಿಷನ್ ಇಲ್ಲದೆ ಕಲಿತ ವಿದ್ಯೆಯನ್ನು ಮರೆಯುತ್ತಿರುತ್ತಾಳೆ. ಈ ಎರಡು ಮನೆಗಳ ನಡುವಿನ ದೂರವನ್ನು ಕಡಿಮೆ ಮಾಡುವುದು ಹೇಗೆ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಅನ್ನ ಕಸಿಯುತ್ತದೆಂದು ಹೆದರಿದ ಯಂತ್ರ

ಈ ಯಂತ್ರ ಹುಟ್ಟಿದಾಗ ಬಡವರು ಅದನ್ನು ಕಂಡು ಹೆದರಿದ್ದರು. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೊನಿಯೆ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದು, ಪ್ಯಾರಿಸಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಯುವ ಕಾರ್ಖಾನೆ ತೆರೆದರು. ತಮ್ಮ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆಂದು ರೊಚ್ಚಿಗೆದ್ದ ದರ್ಜಿಗಳು 1831ರಲ್ಲಿ ಆ ಯಂತ್ರಗಳನ್ನು ಒಡೆದುಹಾಕಿದರು. ಅಮೆರಿಕದಲ್ಲಿ 1830ರ ದಶಕದಲ್ಲಿ ವಾಲ್ಟರ್ ಹಂಟ್ ಎಂಬವರು ಒಂದು ಯಂತ್ರ ಮಾಡಿದ್ದರು. ಕೈಹೊಲಿಗೆಯಿಂದ ಬದುಕುವ ಬಡ ಹೆಂಗಸರ ಪಾಡೇನು ಎಂದು ಮಗಳು ಕೇಳಿದ್ದಕ್ಕೆ ಅವರು ಅದನ್ನು ಅಲ್ಲಿಗೇ ಬಿಟ್ಟರೆಂದು ಹೇಳುತ್ತಾರೆ. ಮುಂದೆ 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ತಮ್ಮ ತಮ್ಮ ಯಂತ್ರಗಳಿಗೆ ಹಕ್ಕುಪತ್ರ ಪಡೆದರು.

ಕೈಯಲ್ಲಿ ಒಂದು ಷರ್ಟು ಹೊಲಿಯಲು 14 ಗಂಟೆಗೂ ಹೆಚ್ಚು, ಯಂತ್ರದಲ್ಲಿ ಒಂದೂಕಾಲು ಗಂಟೆ ಎಂದು 1860ರ ದಶಕದ ಆರಂಭದಲ್ಲಿ ವೀಲರ್ ಆಂಡ್ ವಿಲ್ಸನ್ ಕಂಪನಿ ಲೆಕ್ಕ ತೋರಿಸಿತ್ತು. ಆದರೆ ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟಕುತ್ತಿರಲಿಲ್ಲ. ಆಗ ಸಿಂಗರ್ ಅವರ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಒಂದು ದಾರಿ ಕಂಡುಕೊಂಡರು. ಮೊದಲು ಸ್ವಲ್ಪ ಹಣ, ಉಳಿದದ್ದು ತಿಂಗಳ ಕಂತು. ಯಂತ್ರವೇ ದುಡಿದು ತನ್ನ ಸಾಲವನ್ನು ತೀರಿಸುವ ಉಪಾಯವಿದು. ಅನ್ನ ಕಸಿಯುತ್ತದೆಂದು ಒಡೆಸಿಕೊಂಡ ಯಂತ್ರ ಹೀಗೆ ಲಕ್ಷಾಂತರ ಬಡವರ ಮನೆಗೆ ಅನ್ನ ತರುವ ಸಾಧನವಾಯಿತು.

ಯಂತ್ರಗಳ ಬಗ್ಗೆ ಕಟುವಾಗಿ ಬರೆದ ಗಾಂಧೀಜಿ ಕೂಡ ಇದೊಂದಕ್ಕೆ ವಿನಾಯಿತಿ ಕೊಟ್ಟರು. 1924ರಲ್ಲಿ ಜಿ. ರಾಮಚಂದ್ರನ್ ಅವರೊಡನೆ ನಡೆದ ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಅವರು ನಿಜವಾಗಿ ಉಪಯುಕ್ತವಾದ ಕೆಲವೇ ಯಂತ್ರಗಳ ಸಾಲಿನಲ್ಲಿ ಸೇರಿಸಿದರು. ಆ ಮಾತುಕತೆ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ದುಡಿಯುವವನನ್ನು ಬದಿಗೆ ತಳ್ಳದೆ ಅವನ ಶ್ರಮವನ್ನು ಹಗುರ ಮಾಡುವುದೇ ಒಳ್ಳೆಯ ಯಂತ್ರದ ಲಕ್ಷಣ ಎಂಬುದು ಅವರ ವಿಚಾರವಾಗಿತ್ತು.

ನಮ್ಮ ದೇಶದಲ್ಲಿ ಬಹುಕಾಲ ಓಡಿದ್ದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ತಯಾರಾದ ಸಿಂಗರ್ ಮಿಷನ್‌ಗಳು. 1885ರಲ್ಲಿ ತೆರೆದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. 1930ರ ದಶಕದಲ್ಲಿ ಕಲ್ಕತ್ತಾದ ಜಯ್ ಇಂಜಿನಿಯರಿಂಗ್ ವರ್ಕ್ಸ್ 'ಉಷಾ' ಮಿಷನ್ ಮಾಡತೊಡಗಿತು. ಮುಂದೆ ಲೂಧಿಯಾನ ಮಿಷನ್‌ಗಳಿಗೂ ಬಿಡಿಭಾಗಗಳಿಗೂ ದೊಡ್ಡ ನೆಲೆಯಾಯಿತು. ನಮ್ಮ ಅಜ್ಜಿಯರ ಮಿಷನ್‌ಗಳಲ್ಲಿ ಅನೇಕವಕ್ಕೆ ಇಂದಿಗೂ ಬಿಡಿಭಾಗ ಸಿಗುವುದು ಇದೇ ಕಾರಣಕ್ಕೆ.

ರಿಪೇರಿಗೆ ಮೊದಲು ಬೇಕಾದದ್ದು ತಾಳ್ಮೆ

ಹಳೆ ಮಿಷನ್ ತಿರುಗುವುದಿಲ್ಲ ಎಂದ ಕೂಡಲೇ ಅದು ಸತ್ತಿತೆಂದು ತಿಳಿಯಬೇಡಿ. ಹತ್ತರಲ್ಲಿ ಹಲವು ಸಲ ಒಳಗೆ ಎಣ್ಣೆ ಗಟ್ಟಿಯಾಗಿರುತ್ತದೆ ಅಷ್ಟೇ. ಕರಾವಳಿಯ ಮನೆಗಳಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಕೈಗೆ ಸಿಕ್ಕ ತೆಂಗಿನೆಣ್ಣೆಯನ್ನೇ ಮಿಷನ್ನಿಗೂ ಬಿಟ್ಟಿರುತ್ತಾರೆ. ಅಡುಗೆಯ ಎಣ್ಣೆಗಳು ಗಾಳಿಗೆ ಅಂಟಾಗಿ, ಕಾಲ ಕಳೆದಂತೆ ಅರಗಿನ ಹಾಗೆ ಹಿಡಿದುಕೊಳ್ಳುತ್ತವೆ. ತೆಂಗಿನೆಣ್ಣೆಯಂತೂ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಮಿಷನ್ನಿಗೆ ಮಿಷನ್ ಎಣ್ಣೆಯೇ ಬೇಕು. ನೀಲಗಿರಿಯ ಚಳಿಗೂ ಸೊಲ್ಲಾಪುರದ ಬಿಸಿಲಿಗೂ ಅದೇ ಸರಿ.

ಮೊದಲು ಚಕ್ರವನ್ನು ಬಲವಂತವಾಗಿ ತಿರುಗಿಸಬೇಡಿ. ಸೂಜಿ, ಬಾಬಿನ್, ಬಾಬಿನ್ ಕೇಸು ತೆಗೆದು ಬದಿಗಿಡಿ. ಸೂಜಿಯ ಕೆಳಗಿನ ತಗಡನ್ನು ಬಿಚ್ಚಿ, ಹಲ್ಲುಗಳ ನಡುವೆ ಕಂಬಳಿಯಂತೆ ಕುಳಿತಿರುವ ನೂಲಿನ ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ. ಚಕ್ರದ ಹಿಂದೆ, ಶಟಲಿನ ಸುತ್ತ ಹಳೆಯ ದಾರ ಸುತ್ತಿಕೊಂಡಿದೆಯೇ ನೋಡಿ. ಅಷ್ಟರಿಂದಲೇ ಮಿಷನ್ ಬಿಟ್ಟುಕೊಂಡದ್ದುಂಟು. ಆಮೇಲೆ ಎಣ್ಣೆಯ ತೂತುಗಳಿಗೆಲ್ಲ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಒಲೆಯೋ ದೀಪವೋ ಹತ್ತಿರದಲ್ಲಿ ಇರಕೂಡದು. ಮರುದಿನ ಚಕ್ರವನ್ನು ಮೆಲ್ಲನೆ ಹಿಂದೆ ಮುಂದೆ ಆಡಿಸಿ. ಒಂದು ದಿನಕ್ಕೆ ಆಗದಿದ್ದರೆ ಮೂರು ದಿನ ಹೀಗೇ ಮಾಡಿ. ಕೊಳೆ ಕರಗಿ ಹೊರಬಂದ ಮೇಲೆ ಬಟ್ಟೆಯಿಂದ ಒರೆಸಿ, ಮಿಷನ್ ಎಣ್ಣೆ ಹಾಕಬೇಕು. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆಯೇ ಹೊರತು ಎಣ್ಣೆಯ ಕೆಲಸ ಮಾಡುವುದಿಲ್ಲ ಎಂಬುದು ನೆನಪಿರಲಿ.

ಮೈ ಒರೆಸುವಾಗ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಹಳೆಯ ಸಿಂಗರ್ ಮಿಷನ್‌ಗಳ ಕಪ್ಪು ಮೈಯ ಮೇಲೆ ಅರಗಿನ ತೆಳು ಲೇಪವಿರುತ್ತದೆ. ಸ್ಪಿರಿಟ್ ತಾಗಿದರೆ ಅದು ಕರಗುತ್ತದೆ, ಚಿನ್ನದ ಬಳ್ಳಿಯೂ ಅದರೊಡನೆ ಹೋಗುತ್ತದೆ. ಮೆತ್ತನೆಯ ಬಟ್ಟೆಗೆ ಎರಡು ಹನಿ ಮಿಷನ್ ಎಣ್ಣೆ ಹಾಕಿ ಒರೆಸಿದರೆ ಸಾಕು. ಹೊಸ ಬಣ್ಣ ಬಳಿದು ಮಿಂಚಿಸುವುದು ಬೇಡ. ಎಪ್ಪತ್ತು ವರ್ಷ ದುಡಿದ ಮಿಷನ್ನಿಗೆ ಎಪ್ಪತ್ತು ವರ್ಷದ ಮೈ ಇದ್ದರೆ ಅದರಲ್ಲಿ ನಾಚಿಕೆಯೇನಿದೆ?

ಇನ್ನು ಹೊಲಿಗೆಯ ವಿಷಯ. ಹೊಸ ಸೂಜಿ ಹಾಕಿ. ಸೂಜಿಯ ಒಂದು ಬದಿಯಲ್ಲಿ ಉದ್ದದ ಗೀರು ಇರುತ್ತದೆ. ದಾರ ಆ ಬದಿಯಿಂದ ಕಣ್ಣಿನೊಳಗೆ ಹೋಗಬೇಕು. ಎಷ್ಟೋ ಜನ ಮಿಷನ್ ಕೆಟ್ಟಿತೆಂದು ದೂರುವುದು ಸೂಜಿ ತಿರುವುಮುರುವಾದಾಗಲೇ. ಕಾಲಿನ ಮಿಷನ್ನಾದರೆ ಚರ್ಮದ ಬೆಲ್ಟು ಸಡಿಲವಾಗಿದೆಯೇ, ಬಾಬಿನ್ ಸುತ್ತುವ ರಬ್ಬರಿನ ಬಳೆ ಒಣಗಿ ಬಿರಿದಿದೆಯೇ ನೋಡಿ ಬದಲಾಯಿಸಿ. ಎರಡು ಪದರ ಹತ್ತಿ ಬಟ್ಟೆಯ ಮೇಲೆ ಹೊಲಿದು ನೋಡಿ. ಮೇಲಿನ ದಾರ, ಕೆಳಗಿನ ದಾರ ಎರಡೂ ಬಟ್ಟೆಯ ನಡುವೆ ಸೇರಿ ಗಂಟಾದರೆ ಹೊಲಿಗೆ ಸರಿಯಾಗಿದೆ ಎಂದರ್ಥ. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಸಾಮಾನ್ಯವಾಗಿ ತಪ್ಪು ಮೇಲಿನ ದಾರ ಪೋಣಿಸಿದ್ದರಲ್ಲೋ ಅದರ ಬಿಗಿಯಲ್ಲೋ ಇರುತ್ತದೆ.

ಎರಡು ಎಚ್ಚರಿಕೆ. ಹಳೆಯ ಮೋಟಾರ್ ಇದ್ದರೆ, ವಯರಿನ ರಬ್ಬರು ಉದುರುತ್ತಿರಬಹುದು. ವಿದ್ಯುತ್ ಕೆಲಸ ಬಲ್ಲವರು ನೋಡುವವರೆಗೆ ಪ್ಲಗ್ಗಿಗೆ ಹಾಕಲೇಬೇಡಿ. ತೀರಾ ಹಳೆಯ ಕೆಲವು ಮಿಷನ್‌ಗಳಲ್ಲಿ ದುಂಡು ಬಾಬಿನ್ ಬದಲು ದೋಣಿಯ ಆಕಾರದ ಶಟಲ್ಲೂ ಉದ್ದನೆಯ ಬಾಬಿನ್ನೂ ಇರುತ್ತವೆ. ಅದು ಕಳೆದುಹೋದರೆ ಮಿಷನ್ ಹೊಲಿಯದು. ಆದ್ದರಿಂದ ಡ್ರಾಯರಿನಲ್ಲಿರುವ ಯಾವ ಚೂರನ್ನೂ ಎಸೆಯಬೇಡಿ.

ಹಳೆಯದೆಲ್ಲ ಬಂಗಾರವಲ್ಲ

ಹಳೆ ಮಿಷನ್ ಎಂದರೆ ಲಕ್ಷಗಟ್ಟಲೆ ಬೆಲೆ ಎಂದು ನಂಬುವವರೂ ಇದ್ದಾರೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಒಂದು ವದಂತಿ ಹಬ್ಬಿತು. ಹಳೆಯ ಸಿಂಗರ್ ಮಿಷನ್ನಿನ ಸೂಜಿಯಲ್ಲಿ 'ಕೆಂಪು ಪಾದರಸ' ಇದೆ, ಅದರಿಂದ ನಿಧಿ ಹುಡುಕಬಹುದು ಎಂದು. ಮೊಬೈಲ್ ಹತ್ತಿರ ಹಿಡಿದರೆ ಅದು ಗೊತ್ತಾಗುತ್ತದಂತೆ! ಜನ ಮುಗಿಬಿದ್ದು, ಕೆಲವು ಮಿಷನ್‌ಗಳಿಗೆ 2 ಲಕ್ಷ ರಿಯಾಲ್‌ವರೆಗೂ ಬೆಲೆ ಕೇಳಿಬಂತು. ಅದೆಲ್ಲ ಶುದ್ಧ ಸುಳ್ಳು. ಗಲ್ಫಿಗೂ ನಮ್ಮ ಕಾಸರಗೋಡು, ಕರಾವಳಿಯ ಮನೆಗಳಿಗೂ ಬಂಧುತ್ವವಿರುವಾಗ ಇಂಥ ಮಾತು ಇಲ್ಲಿಗೆ ಬರಲು ಎಷ್ಟು ಹೊತ್ತು? ಯಾರಾದರೂ ಈ ಆಸೆ ತೋರಿಸಿ ಮುಂಗಡ ಕೇಳಿದರೆ ಬಾಗಿಲು ಹಾಕಿಕೊಳ್ಳಿ.

ಸತ್ಯ ಬೇರೆಯೇ ಇದೆ. ಕ್ಲೈಡ್‌ಬ್ಯಾಂಕ್ ಕಾರ್ಖಾನೆಯೊಂದೇ 1913ರಲ್ಲಿ ಸುಮಾರು 13 ಲಕ್ಷ ಮಿಷನ್ ತಯಾರಿಸಿತ್ತು. ಇಷ್ಟೊಂದು ಸಂಖ್ಯೆಯಲ್ಲಿ ಇರುವ ವಸ್ತು ಅಪರೂಪದ್ದಾಗಲಾರದು. ಸಿಂಗರ್ ಮಿಷನ್ನಿನ ಹಾಸಿನ ಮೇಲೆ ಕೊರೆದ ಸಂಖ್ಯೆಯಿಂದ ಅದು ತಯಾರಾದ ಕಾಲವನ್ನು ಕಂಡುಹಿಡಿಯಬಹುದು, ಅದು ಮನೆಯ ಚರಿತ್ರೆಗೆ ಚೆನ್ನ. ಆದರೆ ಅದರ ಬೆಲೆ ಇರುವುದು ವಯಸ್ಸಿನಲ್ಲಲ್ಲ, ಇಂದು ಅದು ಹೊಲಿಯುವ ನೇರ ಹೊಲಿಗೆಯಲ್ಲಿ.

ಜೊತೆಗೆ ಇರುವ ಕಾಗದಗಳು

ಮಿಷನ್ನಿನ ಡ್ರಾಯರಿನಲ್ಲೋ ಟ್ರಂಕಿನಲ್ಲೋ ಇನ್ನೊಂದು ಸಂಪತ್ತು ಇರುತ್ತದೆ. ಬಟ್ಟೆ ಕತ್ತರಿಸುವ ಮಾದರಿ ಕಾಗದಗಳು. ನಮ್ಮ ದರ್ಜಿಗಳು ಖಾಕಿ ಕಾಗದದಲ್ಲೋ ರಟ್ಟಿನಲ್ಲೋ ಕತ್ತರಿಸಿ, ತೂತು ಮಾಡಿ ಮೊಳೆಗೆ ತೂಗುಹಾಕುತ್ತಿದ್ದ ರವಿಕೆ, ಲಂಗ, ಚಡ್ಡಿಗಳ ಮಾದರಿಗಳನ್ನು ನಾವೆಲ್ಲ ಕಂಡಿದ್ದೇವೆ. ಪೇಟೆಯಲ್ಲಿ ಅಚ್ಚಾದ ಮಾದರಿಗಳದ್ದು ಬೇರೆ ಕಥೆ. ಅಮೆರಿಕದ ದರ್ಜಿ ಎಬೆನೆಜರ್ ಬಟರಿಕ್ 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾರಾಟಕ್ಕೆ ತಂದರು. ಜರ್ಮನಿಯ ಬುರ್ಡಾ ಪತ್ರಿಕೆ 1952ರಿಂದ ಪುಟಗಳೊಡನೆ ಮಾದರಿ ಹಾಳೆಯನ್ನೂ ಕೊಡತೊಡಗಿತು. ಪರದೇಶದಲ್ಲಿದ್ದ ಬಂಧುಗಳು ಕಳುಹಿಸಿದ್ದು, ಹೊಲಿಗೆ ತರಗತಿಗೆ ದಾನ ಬಂದದ್ದು ಎಂದು ಇವು ನಮ್ಮಲ್ಲೂ ಅಲ್ಲಲ್ಲಿ ಉಳಿದಿವೆ.

ಒಬ್ಬರಿಗೆ ಇವೆಲ್ಲ ಬೇಕಾಗುವುದಿಲ್ಲ. ಹೆಚ್ಚಾದದ್ದನ್ನು ಮಾರಬಹುದು, ಆದರೆ ನೋಡಿ ಮಾರಬೇಕು. ಲಕೋಟೆಯೊಳಗಿನ ತುಂಡುಗಳನ್ನು ಸೂಚನೆಯ ಹಾಳೆಯೊಡನೆ ತಾಳೆ ನೋಡಿ ಎಣಿಸಿ. ತೋಳಿನ ತುಂಡೊಂದು ಇಲ್ಲವಾದರೆ ಲಕೋಟೆಯ ಮೇಲೇ ಬರೆಯಿರಿ. ಹಳೆಯ ಮಾದರಿಗಳ ಅಳತೆಯ ಸಂಖ್ಯೆಯನ್ನು ನಂಬಬೇಡಿ. ಅಂದಿನ 12 ಇಂದಿನ 12 ಅಲ್ಲ, ಎದೆಯ ಸುತ್ತಳತೆಯನ್ನೇ ನೋಡಬೇಕು. ಇನ್ನೊಂದು ಮುಖ್ಯ ಮಾತು. ಅಮೆರಿಕದ ಮಾದರಿಗಳಲ್ಲಿ ಸಾಮಾನ್ಯವಾಗಿ ಹೊಲಿಗೆಗೆ ಬಿಡುವ ಅಂಚು ಸೇರಿಯೇ ಇರುತ್ತದೆ, ಸುಮಾರು ಒಂದೂವರೆ ಸೆಂಟಿಮೀಟರ್. ಬುರ್ಡಾ ಪತ್ರಿಕೆಯ ಹಾಳೆಯಲ್ಲಿ ಅದು ಇರುವುದಿಲ್ಲ, ನಾವೇ ಸೇರಿಸಬೇಕು. ಇದನ್ನು ತಿಳಿಸದೆ ಮಾರಿದರೆ ಕೊಂಡವಳ ಬಟ್ಟೆ ಕೆಟ್ಟುಹೋಗುತ್ತದೆ. ಹತ್ತು ರೂಪಾಯಿಯ ಕಾಗದಕ್ಕಾಗಿ ಐನೂರು ರೂಪಾಯಿಯ ಬಟ್ಟೆ ಹಾಳಾದರೆ ಆ ಪಾಪ ಯಾರಿಗೆ? ದರ್ಜಿಯ ರಟ್ಟಿನ ಮಾದರಿಗಳ ಮೇಲೂ ಅಳತೆ, ಅಂಚು ಸೇರಿದೆಯೋ ಇಲ್ಲವೋ ಎಂಬುದನ್ನು ಆತ ಇರುವಾಗಲೇ ಕೇಳಿ ಬರೆದಿಡಿ. ಆತನ ನಂತರ ಅವು ಒಲೆಗೆ ಹೋಗದಿರಲಿ.

ದಾನವೋ ಮಾರಾಟವೋ?

ಬಡವರಿಗೆ ಮಾರುವುದೇಕೆ, ದಾನವಾಗಿಯೇ ಕೊಡಬಾರದೇ ಎಂದು ಕೆಲವರು ಕೇಳುತ್ತಾರೆ. ಕೊಡಬಹುದು, ಕೊಡಲೇಬೇಕಾದ ಸಂದರ್ಭಗಳೂ ಇವೆ. ಆದರೆ ನಮ್ಮ ದಾನದ ರೀತಿಯನ್ನು ಒಮ್ಮೆ ನೋಡಿಕೊಳ್ಳೋಣ. ಓಡದ ಮಿಷನ್ನನ್ನು ಸಾಗಿಸಿ, ಜಾಗ ಖಾಲಿಯಾಯಿತೆಂದು ಸಂತೋಷಪಡುತ್ತೇವೆ. ತೆಗೆದುಕೊಂಡವಳು ದೂರಿದರೆ, ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ ಎಂದು ನಗುತ್ತೇವೆ. ಹಲ್ಲಿಲ್ಲದ ಎಮ್ಮೆಯನ್ನು ಕೊಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ಗಂಡನನ್ನು ಕಳೆದುಕೊಂಡ ಒಬ್ಬ ತಾಯಿಗೆ ಹಳೆಯದೊಂದು ಮಿಷನ್ ಪುಕ್ಕಟೆ ಕೊಡುವ ಮಾತು ಬಂದಾಗ ಆಕೆ ನಮಗೆ ಹೇಳಿದ್ದು ಇದು: "ಬೇಡ ಫಾದರ್. ತಿಂಗಳಿಗೆ ನೂರೋ ಇನ್ನೂರೋ ಕೊಡ್ತೇನೆ. ಆಗ ಅದು ನನ್ನ ಮಿಷನ್ ಆಗ್ತದೆ. ಕೆಟ್ಟರೆ ಧೈರ್ಯವಾಗಿ ಬಂದು ಕೇಳಬಹುದು." ಈ ಮಾತಿನಲ್ಲಿ ನಾವು ಕಲಿಯಬೇಕಾದದ್ದು ಬಹಳವಿದೆ. ಪುಕ್ಕಟೆ ಪಡೆದವರಿಗೆ ಕೇಳುವ ಹಕ್ಕಿಲ್ಲ ಎಂದು ನಮ್ಮ ಸಮಾಜ ತಿಳಿಯುತ್ತದೆ. ನ್ಯಾಯವಾದ ಬೆಲೆಗೆ ಕೊಂಡವರು ತಲೆಯೆತ್ತಿ ನಿಲ್ಲುತ್ತಾರೆ. ಮಾರಿದವರೂ ತಮ್ಮ ಮಾತಿಗೆ ಬದ್ಧರಾಗುತ್ತಾರೆ.

ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಬರುವ ತಬಿಥಾಳನ್ನು ನೆನೆಯಿರಿ. ಆಕೆ ತೀರಿಕೊಂಡಾಗ ಜೊಪ್ಪದ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಆಕೆ ಮಾಡಿಕೊಟ್ಟಿದ್ದ ಉಡುಪುಗಳನ್ನು. ಅವು ಬಳಸಲು ಯೋಗ್ಯವಾಗಿದ್ದವು, ಅದಕ್ಕೇ ಅವರ ಬಳಿ ಉಳಿದಿದ್ದವು. ಕೊಟ್ಟರೂ ಮಾರಿದರೂ ವಸ್ತು ಯೋಗ್ಯವಾಗಿರಬೇಕು.

ಇಂಗ್ಲೆಂಡಿನಲ್ಲಿ 1970ರ ದಶಕದ ಕೊನೆಗೆ ಹುಟ್ಟಿದ 'ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್' ಸಂಸ್ಥೆ ಇದೇ ತತ್ವದ ಮೇಲೆ ನಡೆಯಿತು. ಮನೆಗಳಲ್ಲಿ ಬಿದ್ದಿದ್ದ ಹಳೆ ಉಪಕರಣಗಳನ್ನೂ ಹೊಲಿಗೆ ಮಿಷನ್‌ಗಳನ್ನೂ ಸ್ವಯಂಸೇವಕರು ಕುಳಿತು ರಿಪೇರಿ ಮಾಡಿ, ಚೆನ್ನಾಗಿ ಕೆಲಸ ಮಾಡುವಂತಾದ ಮೇಲೆಯೇ ಆಫ್ರಿಕಾದ ಕುಶಲಕರ್ಮಿಗಳಿಗೆ ಕಳುಹಿಸಿದರು.

ನಮ್ಮಲ್ಲಿ ಇದಕ್ಕೆ ಸಮುದ್ರ ದಾಟಬೇಕಾಗಿಲ್ಲ. ಕಾಸರಗೋಡು, ವಯನಾಡಿನಲ್ಲಿ ಕುಟುಂಬಶ್ರೀ ಇದೆ, ಸೊಲ್ಲಾಪುರ, ಜತ್ತದ ಕಡೆ ಬಚತ್ ಗಟಗಳಿವೆ, ಆದೋನಿ, ಮಡಕಶಿರಾದಲ್ಲಿ ಡ್ವಾಕ್ರಾ ಸಂಘಗಳಿವೆ, ಹೊಸೂರು, ತಾಳವಾಡಿಯಲ್ಲಿ ಮಹಿಳಾ ಗುಂಪುಗಳಿವೆ. ಸೊಲ್ಲಾಪುರವಂತೂ ಶಾಲಾ ಸಮವಸ್ತ್ರದ ಹೊಲಿಗೆಗೆ ಹೆಸರಾದ ಊರು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಸೇರಿದೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಅದರಲ್ಲಿತ್ತು. ಆದರೂ ಅರ್ಜಿ ತುಂಬಲು ಬಾರದವರು, ದಾಖಲೆ ಒಂದು ರಾಜ್ಯದಲ್ಲಿ, ವಾಸ ಇನ್ನೊಂದು ರಾಜ್ಯದಲ್ಲಿ ಇರುವವರು ಗಡಿಯ ನಮ್ಮ ಊರುಗಳಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಮೊದಲು ಸಿಗುವ ನೆರವು ನೆರೆಮನೆಯದೇ.

ಮಾರುವಾಗ ಕೆಲವು ನಿಯಮ ಇಟ್ಟುಕೊಳ್ಳೋಣ. ಏನು ರಿಪೇರಿಯಾಯಿತು, ಯಾವ ಭಾಗ ಹೊಸದು, ಯಾವುದು ಇನ್ನೂ ಸರಿಯಿಲ್ಲ ಎಂಬುದನ್ನು ಚೀಟಿಯಲ್ಲಿ ಬರೆದು ಮಿಷನ್ನಿಗೆ ಕಟ್ಟಬೇಕು. ಹೊಲಿದು ತೋರಿಸಿದ ಬಟ್ಟೆಯ ತುಂಡೂ ಜೊತೆಗಿರಲಿ. ಕೊಳ್ಳುವವಳು ತಾನೇ ಕುಳಿತು ಹೊಲಿದು ನೋಡಲಿ. ಬಿಡಿಭಾಗದ ಖರ್ಚು, ರಿಪೇರಿ ಮಾಡಿದವನ ಕೂಲಿ ಎರಡೂ ಹುಟ್ಟುವಷ್ಟು ಬೆಲೆ ಇರಲಿ. ಮಾಡುವವನ ಕೂಲಿ ತಪ್ಪಿಸಿದರೆ ಈ ಕೆಲಸ ಎರಡನೇ ಮಿಷನ್ನಿಗೇ ನಿಲ್ಲುತ್ತದೆ. ಕಂತು ಬೇಕೆಂದರೆ ಬಡ್ಡಿಯಿಲ್ಲದೆ ಕೊಡೋಣ. ಎಣ್ಣೆ ಹಾಕುವುದನ್ನೂ ಸೂಜಿ ಬದಲಾಯಿಸುವುದನ್ನೂ ಕಲಿಸಿಯೇ ಕಳುಹಿಸೋಣ. ಒಂದು ತಿಂಗಳ ಮೇಲೆ ಹೋಗಿ, ಮಿಷನ್ ಓಡುತ್ತಿದೆಯೇ ಎಂದು ವಿಚಾರಿಸೋಣ.

ನಿಮ್ಮ ಊರಿನಲ್ಲಿ ಮಿಷನ್ ಬಿಚ್ಚಿ ಜೋಡಿಸಬಲ್ಲ ಹಿರಿಯರೊಬ್ಬರು ಇದ್ದರೆ ಇಬ್ಬರು ಹುಡುಗರನ್ನು ಅವರ ಬಳಿ ಕೂರಿಸಿರಿ. ಬಿಡಿಭಾಗ ಲೂಧಿಯಾನದಿಂದ ಬಂದೀತು, ಆ ಕೈಗುಣ ಬೇರೆಲ್ಲಿಂದಲೂ ಬಾರದು. ಈ ಭಾನುವಾರ ಮನೆಗೆ ಹೋದ ಮೇಲೆ ಮೂಲೆಯಲ್ಲಿರುವ ಮಿಷನ್ನಿನ ಹೊದಿಕೆ ತೆಗೆಯಿರಿ. ಮನೆಯಲ್ಲಿ ಹೊಲಿಯುವವರಿದ್ದರೆ ಎಣ್ಣೆ ಹಾಕಿ. ಇಲ್ಲವಾದರೆ, ಹೊಲಿಗೆ ಬಲ್ಲ, ಮಿಷನ್ ಇಲ್ಲದ ಹೆಣ್ಣುಮಗಳು ನಿಮ್ಮ ಬೀದಿಯಲ್ಲಿ ಯಾರಿದ್ದಾಳೆಂದು ಮನೆಯವರೆಲ್ಲ ಕುಳಿತು ಯೋಚಿಸಿರಿ. ಗುಜರಿಯವನು ಬರುವುದಕ್ಕೆ ಮುಂಚೆ ಆ ಹೆಸರು ನಿಮಗೆ ಹೊಳೆಯಲಿ.